ಉಳಿದ ಪಲ್ಯಕ್ಕೆ ಆರು ಮೊಟ್ಟೆ: ಇಲ್ಲಿವರೆಗೆ ಬಂದದ್ದು

ಉಳಿದ ತರಕಾರಿಗೆ ಮೊಟ್ಟೆ ಸುರಿದು ಓಟಿಜಿಯಲ್ಲಿ, ಅಂದರೆ ಕರೆಂಟಿನ ಸಣ್ಣ ಓವನ್ನಿನಲ್ಲಿ, ಬೇಯಿಸುವ ಕೆಲಸ ಈಗ ಒಂದು ಹದಕ್ಕೆ ಬಂದಿದೆ. ಇಟಲಿಯವರ ಫ್ರಿಟ್ಟಾಟಾ ಇದೆಯಲ್ಲ, ಅದೇ ಜಾತಿಯದು. ಅದಕ್ಕೆ ಸಾಮಾನ್ಯವಾಗಿ ಚೀಸ್, ಪಾಲಕ್, ಆಲೂಗಡ್ಡೆ ಬೀಳುತ್ತವೆ. ರಾಯಚೂರಿನ ನಮ್ಮ ಮನೆಯಲ್ಲಿ ಉಳಿಯುವುದೇ ಬೇರೆ. ಅರ್ಧ ಹೀರೇಕಾಯಿ, ಒಂದು ಹಿಡಿ ಚವಳಿಕಾಯಿ (ಗೋರಿಕಾಯಿ), ಬಾಡಲು ಶುರುವಾದ ಮೆಂತ್ಯ ಸೊಪ್ಪು, ನಿನ್ನೆಯ ಎಣ್ಣೆಗಾಯಿ. ಉಸ್ಮಾನಿಯಾ ಮಾರ್ಕೆಟ್‌ಗೆ ಹೋದರೆ ಚೀಲ ತುಂಬದೆ ವಾಪಸ್ ಬರೋಕೆ ಮನಸ್ಸಾಗುವುದಿಲ್ಲ. ಹಾಗಾಗಿ ಉಳಿಯುವುದಂತೂ ತಪ್ಪಿದ್ದಲ್ಲ.

ಸದ್ಯದ ಅಳತೆ ಹೀಗಿದೆ. ಆರು ಮೊಟ್ಟೆ, ಕಾಲು ಕಪ್ ಗಟ್ಟಿ ಹಾಲು, ಅರ್ಧ ಚಮಚ ಉಪ್ಪು, ಬೆಂದ ತರಕಾರಿ ಎರಡು ಕಪ್. ಪಲ್ಯದಲ್ಲಿ ಮೊದಲೇ ಉಪ್ಪಿದ್ದರೆ ಮೊಟ್ಟೆಗೆ ಚಿಟಿಕೆ ಸಾಕು. ಏಳು ಇಂಚಿನ ಕೇಕ್ ಟಿನ್‌ಗೆ ಎಣ್ಣೆ ಸವರಿ, ತರಕಾರಿ ಹರಡಿ, ಮೇಲೆ ಮೊಟ್ಟೆ ಸುರಿಯುವುದು. ಮೊಟ್ಟೆಯನ್ನು ನೊರೆ ಬರುವಂತೆ ಕಡೆಯುವುದು ಬೇಡ. ಗಾಳಿ ಜಾಸ್ತಿ ಸೇರಿದರೆ ಒಲೆಯೊಳಗೆ ಉಬ್ಬುತ್ತದೆ, ಹೊರಗೆ ತೆಗೆದ ಮೇಲೆ ಕುಸಿಯುತ್ತದೆ. ಹಳದಿ ಬಿಳಿ ಬೆರೆತರೆ ಮುಗೀತು.

ಇಡೀ ಕೆಲಸದಲ್ಲಿ ತಲೆ ಕೆಡಿಸಿಕೊಳ್ಳಬೇಕಾದದ್ದು ಒಂದೇ, ನೀರು. ಹೀರೇಕಾಯಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗ ನೀರೇ. ಹಸಿಯಾಗಿ ಹಾಕಿದರೆ ಮೊಟ್ಟೆ ಗಟ್ಟಿಯಾಗುವ ಹೊತ್ತಿಗೆ ಅದು ನೀರು ಬಿಡುತ್ತದೆ, ತುಂಡು ಎತ್ತಿದರೆ ತಳ ಒದ್ದೆ. ಅದಕ್ಕೇ ಈಗ ಹೀರೇಕಾಯಿ ತುರಿದು, ಉಪ್ಪು ಹಚ್ಚಿ, ಹತ್ತು ನಿಮಿಷ ಬಿಟ್ಟು ಹಿಂಡುತ್ತೇನೆ. ಆಮೇಲೆ ಉಳ್ಳಾಗಡ್ಡಿ ಜೊತೆ ಬಾಣಲೆಯಲ್ಲಿ ಚೊರ್ ಅನ್ನುವುದು ನಿಲ್ಲುವ ತನಕ ಹುರಿಯುತ್ತೇನೆ. ಆ ಸದ್ದು ನಿಂತಿತು ಅಂದರೆ ನೀರು ಹೋಯ್ತು ಅಂತ ಲೆಕ್ಕ. ಮೆಂತ್ಯಕ್ಕೂ ಇದೇ ಕ್ರಮ. ಚವಳಿಕಾಯಿಯನ್ನು ಮಾತ್ರ ಮೊದಲು ಮೆತ್ತಗೆ ಬೇಯಿಸಿಕೊಳ್ಳಬೇಕು, ಇಲ್ಲಾಂದ್ರೆ ನಾರು ಹಲ್ಲಿಗೆ ಸಿಗುತ್ತದೆ.

ಆದರೆ ಇವೆಲ್ಲಕ್ಕಿಂತ ಚೆನ್ನಾಗಿ ಬಂದದ್ದು ನಿನ್ನೆಯ ಎಣ್ಣೆಗಾಯಿ. ಕಾರಣ ಯೋಚಿಸಿದರೆ ಸರಳ ಇದೆ. ನಮ್ಮ ಕಡೆ ಪಲ್ಯಗಳಿಗೆ ಶೇಂಗಾ ಪುಡಿ, ಗುರೆಳ್ಳು ಪುಡಿ ಬೀಳುತ್ತದೆ. ಆ ಪುಡಿ ರಾತ್ರಿಯೆಲ್ಲಾ ರಸ ಹೀರಿಕೊಂಡು ಕೂತಿರುತ್ತದೆ. ಬದನೆಕಾಯಿಯ ತೊಟ್ಟು ತೆಗೆದು, ಚಮಚದ ಹಿಂಬದಿಯಿಂದ ಜಜ್ಜಿ ಟಿನ್‌ಗೆ ಹರಡಿದೆ. ಕತ್ತರಿಸಿದಾಗ ಕೆಳಗೆ ಕಂದು ಮಸಾಲೆಯ ಪದರ, ಮೇಲೆ ಹಳದಿ ಮೊಟ್ಟೆ, ನಡುವೆ ಒಂದೊಂದು ಶೇಂಗಾ ಚೂರು. ಒಂದು ಹನಿ ನೀರಿಲ್ಲ! ಚೀಸ್ ಮಾಡುವ ಕೆಲಸವನ್ನು ಇಲ್ಲಿ ಶೇಂಗಾದ ಜಿಡ್ಡೇ ಮಾಡಿತು. ಹೊಸದಾಗಿ ಮಾಡುವವರಿಗೆ ನಾನು ಹೇಳುವುದು ಇದನ್ನೇ: ಹಸಿ ತರಕಾರಿಯಿಂದ ಶುರು ಮಾಡಬೇಡಿ, ಪುಡಿ ಹಾಕಿದ ಪಲ್ಯದಿಂದ ಶುರು ಮಾಡಿ. ಪಲ್ಯ ರಾತ್ರಿಯೇ ಫ್ರಿಜ್ಜಿಗೆ ಹೋಗಿರಬೇಕು. ನಮ್ಮ ಬೇಸಿಗೆಯಲ್ಲಿ ಹೊರಗಿಟ್ಟದ್ದನ್ನು ಬಳಸಲೇಬಾರದು.

ಬಿಸಿಯ ವಿಷಯ. ಓಟಿಜಿ ಮೊದಲು ಹತ್ತು ನಿಮಿಷ ಕಾಯಬೇಕು. 170 ಡಿಗ್ರಿ, ಮಧ್ಯದ ತಟ್ಟೆ, ಮೇಲೆ ಕೆಳಗೆ ಬಿಸಿ ಕೊಡುವ ಕಡ್ಡಿ ಎರಡೂ ಉರಿಯಬೇಕು. 20 ನಿಮಿಷಕ್ಕೆ ಒಮ್ಮೆ ನೋಡಿ, ಹೆಚ್ಚೂ ಕಡಿಮೆ 25ಕ್ಕೆ ಆಗುತ್ತದೆ. ಅಂಚು ಗಟ್ಟಿಯಾಗಿ, ನಡುಭಾಗ ಗಟ್ಟಿ ಮೊಸರಿನ ಹಾಗೆ ಸ್ವಲ್ಪ ಅಲುಗುವಾಗಲೇ ಹೊರಗೆ ತೆಗೆಯುತ್ತೇನೆ. ಉಳಿದದ್ದು ಟಿನ್ನಿನ ಬಿಸಿಯಲ್ಲೇ ಬೇಯುತ್ತದೆ. ಥರ್ಮಾಮೀಟರ್ ಇದ್ದವರು ನಡುವೆ ಚುಚ್ಚಿ ನೋಡಲಿ, 71 ಡಿಗ್ರಿ ದಾಟಿರಬೇಕು. ತುಂಬಾ ಹೊತ್ತು ಬಿಟ್ಟರೆ ಮೊಟ್ಟೆ ಬಿಗಿದುಕೊಂಡು ತನ್ನೊಳಗಿನ ನೀರನ್ನೇ ಹಿಂಡಿ ಹಾಕುತ್ತದೆ. ತರಕಾರಿಯ ನೀರು ತೆಗೆದ ಶ್ರಮವೆಲ್ಲ ಅಲ್ಲಿಗೆ ವ್ಯರ್ಥ, ಅಲ್ವಾ?

ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಓಟಿಜಿ ಹಚ್ಚಿದರೆ ಅಡುಗೆಮನೆಯಲ್ಲಿ ನಿಲ್ಲೋಕಾಗಲ್ಲ. ಬೆಳಿಗ್ಗೆ ಆರಕ್ಕೇ ಮುಗಿಸುವುದು. 1500 ವಾಟಿನದ್ದು 40 ನಿಮಿಷ ಪೂರ್ತಿ ಉರಿದರೂ ಒಂದು ಯೂನಿಟ್ ಕರೆಂಟ್ ಅಷ್ಟೇ. ಕರೆಂಟ್ ಹೋದರೆ ದಪ್ಪ ತಳದ ಬಾಣಲೆ, ಬಿಗಿ ಮುಚ್ಚಳ, ತೀರಾ ಸಣ್ಣ ಉರಿ. ಮೇಲೆ ಕೆಂಪಾಗುವುದಿಲ್ಲ, ರುಚಿಗೇನೂ ಕಡಿಮೆಯಿಲ್ಲ.

ಅವ್ವ ಎಣ್ಣೆಗಾಯಿಯದ್ದನ್ನು ಬಿಸಿ ರೊಟ್ಟಿಯಲ್ಲಿ ಸುತ್ತಿಕೊಂಡು ತಿಂದಳು. "ತತ್ತಿ ಛಲೋ ಆಗೇತಿ, ಖಾರ ಇನ್ನೊಂದೀಟು ಬೇಕಿತ್ತು ನೋಡು" ಅಂದಳು. ಆ ಮಾತು ಸರಿ. ಮೊಟ್ಟೆ ಸೇರಿದರೆ ಖಾರ ತಗ್ಗುತ್ತದೆ. ಅಂದಿನಿಂದ ಮೊಟ್ಟೆಗೇ ಅರ್ಧ ಚಮಚ ಕೆಂಪು ಖಾರ ಬೆರೆಸುತ್ತಿದ್ದೇನೆ.

ಮುಂದಿನದ್ದು ಪುಂಡಿ ಪಲ್ಯ, ಹುಳಿ ಸೊಪ್ಪಿನದು. ಅದರಲ್ಲಿ ಜೋಳದ ನುಚ್ಚು ಇರುವುದರಿಂದ ನೀರಿನ ಚಿಂತೆಯಿಲ್ಲ. ಹುಳಿಯದ್ದೇ ಯೋಚನೆ. ಹುಳಿ ಇದ್ದರೆ ಹಾಲು ಒಡೆಯುತ್ತದೆ, ಮೊಟ್ಟೆಯೂ ಬೇಗ ಗಟ್ಟಿಯಾಗುತ್ತದೆ. ಹಾಗಾಗಿ ಹಾಲು ಬಿಟ್ಟು, ಒಂದು ಮೊಟ್ಟೆ ಜಾಸ್ತಿ ಹಾಕಿ, ಬಿಸಿಯನ್ನು 160ಕ್ಕೆ ಇಳಿಸಿ ನೋಡುತ್ತೇನೆ.