ಪಾರೆಯ ಮೇಲಿನ ಬಾಟನಿ

ನಮ್ಮ ಕಾಸರಗೋಡಿನ ಮುರಕಲ್ಲಿನ ಪಾರೆಗಳನ್ನು (ಪದವು ಅಂತಲೂ ಕರೆಯುವ ಬಂಡೆಯ ಬಯಲು) ಬೇಸಿಗೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೆ ಬರೀ ಬೋಳು. ಕರಿಗಟ್ಟಿದ ಕಲ್ಲು, ಒಣಗಿದ ಮುಳಿಹುಲ್ಲು, ಅಷ್ಟೇ. ಆದರೆ ಬಾಟನಿ ಓದುವವರಿಗೆ ಇದಕ್ಕಿಂತ ಒಳ್ಳೆಯ ಲ್ಯಾಬ್ ಇಲ್ಲ. ಹತ್ತನೆಯವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ ನನಗೆ ಡಿಗ್ರಿಯ ಇಂಗ್ಲಿಷ್ ಪಾಠ ತಲೆಗೆ ಹತ್ತಿದ್ದೇ ಇಲ್ಲಿ.

ಜೂನ್‌ನಲ್ಲಿ ಮಳೆ ಹಿಡಿದರೆ ಕಲ್ಲಿನ ಗುಂಡಿಗಳಲ್ಲಿ ನೀರು ನಿಲ್ಲುತ್ತದೆ. ಓಣಂ ರಜೆಯ ಹೊತ್ತಿಗೆ ಪಾರೆಯ ಮೇಲೆ ಎಲ್ಲಿ ನೋಡಿದರೂ ನೇರಳೆ ಹೂವು. ಅದು ಯುಟ್ರಿಕ್ಯುಲೇರಿಯಾ, ಹುಳ ಹಿಡಿದು ತಿನ್ನುವ ಗಿಡ. ಮೇಲೆ ಹೂವು ಮುದ್ದಾಗಿರುತ್ತದೆ, ಕೆಳಗೆ ಒದ್ದೆ ಮಣ್ಣಿನೊಳಗೆ ಬೇಟೆ.

ಒಂದು ಗಿಡವನ್ನು ಮಣ್ಣು ಸಮೇತ ತಂದು ವಾಚ್ ಗ್ಲಾಸ್ ಎನ್ನುವ ಗಾಜಿನ ಸಣ್ಣ ತಟ್ಟೆಯಲ್ಲಿಟ್ಟು ಬ್ರಷ್‌ನಿಂದ ಮೆಲ್ಲ ತೊಳೆದೆವು. ನೂಲಿನಂಥ ಎಳೆಗಳ ತುಂಬ ಸಾಸಿವೆಗಿಂತ ಸಣ್ಣ ಚೀಲಗಳು. ಚೀಲ ತನ್ನೊಳಗಿನ ನೀರನ್ನು ಹೊರಗೆ ಹಾಕಿ ಒತ್ತಡ ಇಳಿಸಿಕೊಂಡು ಕಾಯುತ್ತಿರುತ್ತದೆ. ಬಾಗಿಲು ತೆರೆದರೆ ನೀರಿನ ಜೊತೆ ಹುಳವೂ ಒಳಗೆ. ಇದಕ್ಕೆ ಸೆಕೆಂಡಿನ ಸಾವಿರದ ಕೆಲವೇ ಪಾಲು ಸಾಕು. ಒಂದು ಚೀಲದಲ್ಲಿ ಅರ್ಧ ಕರಗಿದ ಯಾವುದೋ ಜೀವಿಯ ಕಾಲು ಕಂಡಿತು. ಮೈಕ್ರೋಸ್ಕೋಪ್ ಬಿಟ್ಟು ಏಳಲು ಯಾರಿಗೂ ಮನಸ್ಸಿಲ್ಲ!

ಪಕ್ಕದಲ್ಲೇ ಹುಳ ತಿನ್ನುವ ಇನ್ನೊಂದು ಗಿಡ ಡ್ರೊಸೆರಾ, ಎಲೆಯ ಕೂದಲುಗಳ ತುದಿಯಲ್ಲಿ ಅಂಟಿನ ಹನಿ ಹೊತ್ತು. ಇವೆಲ್ಲ ಯಾಕೆ ಇಲ್ಲೇ ಬೆಳೆಯುತ್ತವೆ? ಕಲ್ಲಿನ ಮೇಲೆ ಮಣ್ಣು ತೀರಾ ತೆಳು. ಇದ್ದ ಸಾರವನ್ನೂ ಮಳೆ ತೊಳೆದುಬಿಡುತ್ತದೆ. ಹಾಗಾಗಿ ನೈಟ್ರೋಜನ್‌ಗೆ ಹುಳವೇ ಗತಿ. ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿಯುವ ವಿಷಯ, ಇಲ್ಲಿ ಮೊಣಕಾಲೂರಿ ಕೂತರೆ ಪೂರ್ತಿ ಅರ್ಥವಾಗುತ್ತದೆ.

2012ರಲ್ಲಿ ಹೊಸ ಪ್ರಭೇದ ಅಂತ ದಾಖಲಾದ ಕ್ರೈನಮ್ ಮಲಬಾರಿಕಂ ಕೂಡ ನಮ್ಮ ಜಿಲ್ಲೆಯ ಪೆರಿಯದ ಕಡೆಯದ್ದೇ. ಮಳೆಗಾಲದ ತೋಡಿನಲ್ಲಿ ಬಿಳಿ ಹೂ ಬಿಡುವ ಗಿಡ. ಈಗ ಅದು ಜಿಲ್ಲೆಯ ಅಧಿಕೃತ ಹೂವು.

"ಆ ಪದವಿನಲ್ಲಿ ಎಂತ ಉಂಟು ಮಗಾ?" ಅಂತ ಅಮ್ಮ ಕೇಳುತ್ತಿದ್ದರು. ಒಮ್ಮೆ ಕರೆದುಕೊಂಡು ಹೋಗಿ ಲೆನ್ಸ್ ಕೊಟ್ಟೆ. ಆಮೇಲೆ ಕೇಳಲಿಲ್ಲ. ಸರ್ಕಾರಿ ಕಾಗದದಲ್ಲಿ ಪಾಳು ಜಾಗ ಅಂತ ಬರೆದರೆ ಸಾಕು, ಕಲ್ಲಿನ ಕೋರೆ ಶುರುವಾಗುತ್ತದೆ. ಮೇಲಿನ ಪದರ ಕೊಯ್ದು ತೆಗೆದರೆ ಅದರಲ್ಲಿದ್ದ ಬೀಜವೂ ಹೋಯಿತು. ಮುಂದಿನ ಮಳೆಗೆ ಚಿಗುರಲು ಅಲ್ಲಿ ಏನು ಉಳಿಯುತ್ತದೆ ಹೇಳಿ?

ಜೂನಿಯರ್‌ಗಳೇ, ನೀರು ಆರುವ ಮೊದಲೇ ಹೋಗಿ ನೋಡಿ. ಸುಮ್ನೆ ರಾಶಿ ಗಿಡ ಕೀಳಬೇಡಿ. ಇಡೀ ಕ್ಲಾಸಿಗೆ ಒಂದು ಧಾರಾಳ ಸಾಕು.