ಎರಡು ಸ್ಟೇಷನರಿಗಳು

ಇಂಗ್ಲಿಷ್‌ನಲ್ಲಿ ಸ್ಟೇಷನರಿ ಎಂದು ಕೇಳಿಸುವ ಪದಗಳು ಎರಡಿವೆ. ಕನ್ನಡ ಲಿಪಿಯಲ್ಲಿ ಬರೆದರಂತೂ ವ್ಯತ್ಯಾಸವೇ ಕಾಣದು. ಕೊನೆಯ ಭಾಗದಲ್ಲಿ ‘ಎ’ (a) ಅಕ್ಷರವಿದ್ದರೆ (stationary) ನಿಂತಲ್ಲೇ ನಿಂತದ್ದು, ‘ಇ’ (e) ಇದ್ದರೆ (stationery) ಕಾಗದ, ಪೆನ್ನು, ಲಕೋಟೆ. ಪರೀಕ್ಷೆಗೆ ಇಷ್ಟು ಸಾಕು.

ನನಗೆ ಸಾಲದು. ಇವೆರಡೂ ಒಂದೇ ಬೇರಿನವು ಎಂದು ತಿಳಿದಾಗಿನಿಂದ ಆ ಕಥೆಯನ್ನು ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ಮೂಲದಲ್ಲಿರುವುದು ನಿಲ್ಲುವ ಜಾಗ ಎಂಬ ಅರ್ಥದ ಲ್ಯಾಟಿನ್ ಪದ. ಮಧ್ಯಯುಗದ ಯುರೋಪಿನಲ್ಲಿ ಎಷ್ಟೋ ವ್ಯಾಪಾರಿಗಳು ಸರಕು ಹೊತ್ತು ಊರೂರು ಅಲೆಯುತ್ತಿದ್ದರು. ಪುಸ್ತಕ ಮಾರುವವರು ಹಾಗಲ್ಲ, ವಿಶ್ವವಿದ್ಯಾಲಯಗಳ ಆಸುಪಾಸಿನಲ್ಲಿ ಒಂದೇ ಕಡೆ ಅಂಗಡಿ ಹಾಕಿ ಕುಳಿತರು. ಓದುವವರು ಇದ್ದಲ್ಲೇ ಅವರಿಗೂ ನೆಲೆ! ಹೀಗೆ ನೆಲೆ ನಿಂತವರು ಸ್ಟೇಷನರ್‌ಗಳಾದರು, ಅವರು ಮಾರುತ್ತಿದ್ದ ಬರವಣಿಗೆಯ ಸಾಮಗ್ರಿ ಮುಂದೆ ಸ್ಟೇಷನರಿ ಎನಿಸಿಕೊಂಡಿತು. ಕಾಗುಣಿತದ ಜೊತೆ ಇದನ್ನೂ ಕಲಿಸಿದರೆ ಯಾವ ಮಗುವೂ ಮರೆಯಲಾರದು ಎಂದು ನಾನು ನಂಬುತ್ತೇನೆ.

ಲಂಡನ್ನಿನಲ್ಲಿ 1403ರಲ್ಲೇ ಇವರ ಸಂಘವಿತ್ತು. 1557ರಲ್ಲಿ ಅದಕ್ಕೆ ರಾಜಸನ್ನದು ಸಿಕ್ಕಿತು, ಇಂಗ್ಲೆಂಡಿನ ಮುದ್ರಣದ ಹಿಡಿತವೂ ಬಹುಮಟ್ಟಿಗೆ ಅವರ ಕೈಗೆ ಬಂತು.