ಗುಹೆಯ ಬಿಸಿಲು ನಮಗಾಗಿ ಕಾಯಲಿಲ್ಲ

ನಾನು ಟೂರ್ ಮ್ಯಾನೇಜರ್. ಥಾಯ್ಲೆಂಡ್‌ಗೆ ಹೊರಟವರೆಲ್ಲ ಮೊದಲು ಕೇಳೋದು ಬ್ಯಾಂಕಾಕ್, ಪಟ್ಟಾಯ. ನನಗೆ ಮಾತ್ರ ಖಾವೋ ಸಾಮ್ ರೋಯ್ ಯೋಟ್ ಅಂದ್ರೆ ಪ್ರಾಣ. ಮುನ್ನೂರು ಶಿಖರಗಳ ಬೆಟ್ಟ ಅಂತ ಅದರರ್ಥ. 1966ರಲ್ಲಿ ಶುರುವಾದ ಇದು ಆ ದೇಶದ ಮೊದಲ ಕರಾವಳಿ ರಾಷ್ಟ್ರೀಯ ಉದ್ಯಾನ. ಸುಣ್ಣಕಲ್ಲಿನ ಗುಡ್ಡಗಳು ಸಮುದ್ರದ ಅಂಚಿನಲ್ಲೇ ಎದ್ದು ನಿಂತಿವೆ. ಅವುಗಳ ಹೊಟ್ಟೆಯಲ್ಲಿ ಗುಹೆಗಳು.

ಅಲ್ಲಿ ಫ್ರಯಾ ನಖೋನ್ ಗುಹೆಯನ್ನು ಬಿಡಬಾರದು. ಚಾವಣಿ ಕುಸಿದು ಆಕಾಶ ಕಾಣುತ್ತದೆ, ಒಳಗೇ ಮರಗಳು ಬೆಳೆದಿವೆ. ನಡುವೆ ಒಂದು ಪುಟ್ಟ ಮಂಟಪ. 1890ರಲ್ಲಿ ದೊರೆ ಚುಲಾಲಾಂಗ್‌ಕಾರ್ನ್ ಭೇಟಿಗೆಂದು ಕಟ್ಟಿದ್ದು. ಬೆಳಿಗ್ಗೆ ಸುಮಾರು ಹತ್ತೂವರೆಯಿಂದ ಹನ್ನೊಂದೂವರೆವರೆಗೆ ಬಿಸಿಲು ಮೇಲಿಂದ ಇಳಿದು ಮಂಟಪದ ಮೇಲೆ ಬೀಳುತ್ತದೆ. ಸುತ್ತ ಕತ್ತಲು, ಅದೊಂದೇ ಹೊಳೆಯುತ್ತಿರುತ್ತದೆ.

ನಾನು ಮೊದಲ ಸಲ ಗ್ರೂಪ್ ಕರೆದೊಯ್ದಾಗ ಎಡವಿದ್ದು ಲೆಕ್ಕದಲ್ಲಿ. ಬಾಂಗ್ ಪು ತೀರದಿಂದ ದೋಣಿ, ಲೇಮ್ ಸಾಲಾ ತೀರದಲ್ಲಿ ಇಳಿದು ಕಾಡಿನೊಳಗೆ 430 ಮೀಟರ್ ಉದ್ದದ ಏರುದಾರಿ. ಇಷ್ಟೇ ತಾನೇ, ಅರ್ಧ ಗಂಟೆ ಸಾಕು ಅಂದುಕೊಂಡೆ. ಅದು ನನ್ನ ಕಾಲಿನ ಲೆಕ್ಕ. ದೋಣಿಯಿಂದ ನೀರಿಗೇ ಇಳಿಯಬೇಕು ಅಂತ ನಾನು ಮುಂಚೆ ಹೇಳಿರಲಿಲ್ಲ. ಶೂ ಬಿಚ್ಚಿ, ಪ್ಯಾಂಟ್ ಮಡಚಿ, ಮರಳು ಕೊಡವಿಕೊಳ್ಳೋದರಲ್ಲೇ ಇಪ್ಪತ್ತು ನಿಮಿಷ ಹೋಯ್ತು. ದಾರಿಯ ಕಲ್ಲುಗಳು ಎತ್ತರ ತಗ್ಗು, ಜನ ಓಡಾಡಿ ನುಣ್ಣಗಾಗಿವೆ. ನಮ್ಮಲ್ಲಿ ಒಬ್ಬರು ಅಜ್ಜಿ ತೆಳು ಚಪ್ಪಲಿಯಲ್ಲಿ ಬಂದಿದ್ದರು. ಹುಡುಗರು ಮುಂದೆ ಓಡಿದರು, ನಾನೂ ಅವರ ಜೊತೆ. ಹಿಂದೆ ಅಜ್ಜಿ ಒಬ್ಬರೇ ಕಲ್ಲು ಕಲ್ಲಿಗೂ ಕೈ ಊರಿ ಹತ್ತುತ್ತಿದ್ದರು.

ಅವರು ಗುಹೆ ತಲುಪಿದಾಗ ಹನ್ನೆರಡು ದಾಟಿತ್ತು. ಬಿಸಿಲು ಮಂಟಪದಿಂದ ಸರಿದು ಪಕ್ಕದ ಬಂಡೆ ಮೇಲಿತ್ತು. 'ಪರವಾಗಿಲ್ಲ ಬಿಡಪ್ಪ, ಇಷ್ಟಾದರೂ ನೋಡಿದೆ' ಅಂದರು. ಬೈದಿದ್ದರೆ ಹಗುರಾಗುತ್ತಿತ್ತು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಆಮೇಲೆ ನಾನು ದಿನವನ್ನು ಹೋಟೆಲಿನ ತಿಂಡಿಯಿಂದ ಲೆಕ್ಕ ಹಾಕೋದು ಬಿಟ್ಟೆ. ಈಗ ಬಿಸಿಲಿನಿಂದ ಹಿಂದಕ್ಕೆ ಎಣಿಸುತ್ತೇನೆ. ಹತ್ತೂವರೆಗೆ ಎಲ್ಲರೂ ಮಂಟಪದ ಮುಂದಿರಬೇಕು ಅಂದ್ರೆ ಒಂಬತ್ತಕ್ಕೆ ಮೊದಲೇ ದೋಣಿ ಬಿಡಬೇಕು. ಹತ್ತುವಾಗ ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ, ನಾನು ಕೊನೆಗೆ. ಇದರಿಂದ ಇನ್ನೊಂದು ಲಾಭವೂ ಆಯ್ತು. ನಿಧಾನಕ್ಕೆ ಹೋದರೆ ಕಾಡು ಕಣ್ಣಿಗೆ ಬೀಳುತ್ತದೆ. ಕಣ್ಣಿನ ಸುತ್ತ ಬಿಳಿ ಉಂಗುರ ಬರೆದ ಹಾಗಿರುವ ಲಂಗೂರ್ ಕೋತಿಗಳು ಕೊಂಬೆ ಮೇಲೆ ಕೂತು ಎಲೆ ತಿನ್ನೋದನ್ನು ನಾನೇ ಮೊದಲ ಸಲ ನೆಟ್ಟಗೆ ನೋಡಿದ್ದು ಆಗ.

ಹಿಂದಿನ ರಾತ್ರಿ ಒಬ್ಬೊಬ್ಬರ ಚಪ್ಪಲಿ, ಶೂ ನೋಡುತ್ತೇನೆ. ಹಿಡಿತ ಇಲ್ಲದಿದ್ದರೆ ಆಗಲೇ ಹೇಳಿಬಿಡುತ್ತೇನೆ. ನೀರಿಗಿಳಿಯುವ ವಿಷಯವನ್ನೂ ಹೇಳುತ್ತೇನೆ. ಮೋಡ ಕವಿದರೆ ಬಿಸಿಲು ಬೀಳದೇ ಇರಬಹುದು, ಅದು ನನ್ನ ಕೈಯಲ್ಲಿಲ್ಲ ಅನ್ನೋದನ್ನೂ.